ದೊಡ್ಡಮ್ಮ ಗೋಡೆ ಸಾರಿಸಿದ್ದು

ದೊಡ್ಡಮ್ಮನ ಬಲಗೈ ಎಡಗೈಗಿಂತ ಅಗಲವಾಗಿತ್ತು. ಅಂಗೈ ಚಪ್ಪಟೆಯಾಗಿ, ಬೆರಳ ತುದಿಯ ಗೆರೆಗಳೆಲ್ಲ ಸವೆದು, ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದಿಷ್ಟು ಕೆಮ್ಮಣ್ಣು ಕೂತಿರುತ್ತಿತ್ತು. ಸೀಗೆಪುಡಿ ಹಾಕಿ ಉಜ್ಜಿದರೂ ಆ ಕೆಂಪು ಹೋಗುತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಗೋಡೆ, ನೆಲ, ಕಣ ಎಲ್ಲವನ್ನೂ ಅದೇ ಕೈಯಲ್ಲಿ ಸಾರಿಸಿ ಸಾರಿಸಿ ಹಾಗಾಗಿತ್ತು. ಆ ಕೈ ಬೆನ್ನ ಮೇಲೆ ಬಿದ್ದರೆ ಸದ್ದು ಅಡಿಗೆಮನೆಗೆ ಕೇಳುತ್ತಿತ್ತು. ಎಣ್ಣೆ ಹಚ್ಚಲು ಬಂದರೆ ಎರಡೇ ಎಳೆತಕ್ಕೆ ಇಡೀ ಬೆನ್ನು ಮುಗಿದುಹೋಗುತ್ತಿತ್ತು.

ಅವಳು ನನ್ನ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ನಾನು ಹುಟ್ಟುವ ಮೊದಲೇ ತೀರಿಹೋಗಿದ್ದ. ಅವರಿಗೆ ಮಕ್ಕಳಿರಲಿಲ್ಲ. ಅರಕಲಗೂಡು ಕಡೆ ಪಾಲಿಗೆ ಬಂದ ಜಮೀನು ಸಾಲದೆ ಅಪ್ಪ ಕುಶಾಲನಗರದ ಹತ್ತಿರ ಗದ್ದೆ ಮಾಡಿ ನಮ್ಮನ್ನೆಲ್ಲ ಕರೆತಂದಾಗ ಅವಳೂ ಗಾಡಿ ಹತ್ತಿದಳು. ಆಗ ಕೊಡಗು ಇನ್ನೂ ಬೇರೆ ರಾಜ್ಯ. ಕಾವೇರಿಯ ಸೇತುವೆ ದಾಟಿದರೆ ಮೈಸೂರು. ಊರಿನ ನೆಂಟರು ನಮ್ಮನ್ನು ಕಾಶಿಗೆ ಕಳಿಸಿದ ಹಾಗೆ ಅತ್ತು ಕಳಿಸಿದ್ದರಂತೆ. "ಮಕ್ಕಳು ಮರಿ ಕಟ್ಕಂಡು ಜ್ವರದ ಸೀಮೆಗೆ ಹೋಯ್ತಾವ್ರಲ್ಲ" ಎನ್ನುವುದು ಅವರ ದುಃಖ. ದೊಡ್ಡಮ್ಮ ಮಾತ್ರ ಅಳಲಿಲ್ಲವಂತೆ. ಬೂದಿಯಲ್ಲಿ ಹೊರಳಿಸಿದ ತರಕಾರಿ ಬೀಜಗಳನ್ನು ಒಣಗಿದ ಸೋರೆಬುರುಡೆಯೊಳಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಳಂತೆ.

ಹೊಸ ಮನೆಯಲ್ಲಿ ಹೊಲ ಅಪ್ಪನದು, ಅಡಿಗೆ ಅವ್ವನದು, ಹಿತ್ತಿಲು ಮತ್ತು ಮಕ್ಕಳು ದೊಡ್ಡಮ್ಮನದು. ಹೀಗೆಂದು ಯಾರೂ ಕೂತು ಹಂಚಿರಲಿಲ್ಲ. ನಾನು, ನನ್ನ ತಮ್ಮ, ಅವ್ವನ ಕಂಕುಳಲ್ಲಿದ್ದ ತಂಗಿ, ಮೂವರೂ ಬೆಳಗ್ಗೆ ಎದ್ದರೆ ಅವಳ ಸುತ್ತ. ಹಿತ್ತಿಲಲ್ಲಿ ಬದನೆ, ದಂಟು, ಚಪ್ಪರದವರೆ, ಪಡವಲ. ಮುಂದಿನ ಅಂಗಳದಲ್ಲಿ ಸೇವಂತಿಗೆ, ಜೊತೆಗೆ ಡೇರೆ ಹೂವು. ಡೇರೆ ಗೆಡ್ಡೆಯನ್ನು ಅವಳು ಯಾವುದೋ ತೋಟದ ಬಂಗಲೆಯ ಮಾಲಿಯ ಹತ್ತಿರ ಬದನೆ ಸಸಿ ಕೊಟ್ಟು ಪಡೆದಿದ್ದಳು. ಹೂ ಬಿಟ್ಟಾಗ "ಇದೇನು, ತಟ್ಟೆ ಗಾತ್ರ ಬಿಟ್ಟು ಒಂಚೂರೂ ವಾಸನೆ ಇಲ್ಲ" ಎಂದು ಬೈದಳು. ಆದರೂ ದಿನಾ ಮೊದಲು ನೀರು ಹಾಕುತ್ತಿದ್ದುದು ಅದಕ್ಕೇ.

ಪಡವಲಕಾಯಿ ಎಳೆಯದಿರುವಾಗ ತುದಿಗೆ ದಾರದಲ್ಲಿ ಒಂದು ಕಲ್ಲು ಕಟ್ಟಬೇಕು, ಇಲ್ಲದಿದ್ದರೆ ಕಾಯಿ ಸುರುಳಿ ಸುತ್ತಿಕೊಳ್ಳುತ್ತದೆ. ಕಲ್ಲು ಆರಿಸುವ ಕೆಲಸ ನಮ್ಮದು. ಹೊಳೆದಂಡೆಯಿಂದ ನುಣ್ಣನೆಯವು ತಂದು ಒಬ್ಬೊಬ್ಬರೂ ನಮ್ಮ ನಮ್ಮ ಕಾಯಿಗೆ ಕಟ್ಟಿಸಿಕೊಳ್ಳುತ್ತಿದ್ದೆವು. ತಮ್ಮನಿಗೆ ತಾಳ್ಮೆ ಕಡಿಮೆ. ಕಾಯಿ ಉದ್ದವಾಯಿತೇ ಎಂದು ದಿನಾ ಎಳೆದು ನೋಡಿ ಎರಡು ಸಲ ಮುರಿದ. ಮೂರನೆಯದಕ್ಕೆ ದೊಡ್ಡಮ್ಮ ಅವನ ಎರಡೂ ಕೈಯನ್ನು ಅವನ ಬೆನ್ನ ಹಿಂದೆ ತಾನೇ ಹಿಡಿದುಕೊಂಡು, "ಈಗ ನೋಡ್ಲಾ ಮಗ, ಕಣ್ಣಲ್ಲಿ ನೋಡು. ಕೈಯಲ್ಲಿ ನೋಡಿದ್ದು ಸಾಕು" ಎಂದಳು. ಆ ಕಾಯಿ ಅವನಿಗಿಂತ ಉದ್ದ ಬೆಳೆಯಿತು. ಸಾರು ಮಾಡಿದ ದಿನ ಅವನು ಊಟವನ್ನೇ ಮಾಡಲಿಲ್ಲ, ಅಳುತ್ತಾ ಕೂತ.

ಸಂಜೆ ಬಚ್ಚಲ ಒಲೆಯ ಕೆಂಡದಲ್ಲಿ ಗೆಣಸು ಸುಡುವುದು, ಅದು ಬೇಯುವ ತನಕ ಒಬ್ಬೊಬ್ಬರನ್ನೇ ಹಂಡೆಯ ಹತ್ತಿರ ನಿಲ್ಲಿಸಿ ಬಿಸಿನೀರು ಹೊಯ್ಯುವುದು. ಸ್ನಾನ ಮುಗಿದವರಿಗೆ ಗೆಣಸು. ನಮ್ಮನೆಯಲ್ಲಿ ಸ್ನಾನಕ್ಕೆ ಹಟ ಮಾಡಿದ ಮಗು ಇರಲಿಲ್ಲ, ಇದೇ ಕಾರಣ.

ಆದರೆ ದೊಡ್ಡಮ್ಮನಿಗೆ ಹೆಸರು ಬಂದಿದ್ದು ಹಿತ್ತಿಲಿನಿಂದಲ್ಲ, ಗೋಡೆಯಿಂದ. ನಮ್ಮ ಹಾಗೆ ಸೇತುವೆಯಾಚೆಯ ಬಯಲಿನಿಂದ ಬಂದು ನೆಲೆಸಿದ ಹತ್ತಾರು ಮನೆ ಅಲ್ಲಿದ್ದವು, ಎಲ್ಲವೂ ಮಣ್ಣಿನ ಗೋಡೆಯವು. ಅವಳು ಸಾರಿಸಿದ ಗೋಡೆಯಲ್ಲಿ ಕೈ ಎಲ್ಲಿ ಎತ್ತಿದಳು, ಎಲ್ಲಿ ಇಟ್ಟಳು ಎಂದು ಹುಡುಕಿದರೂ ಸಿಗುತ್ತಿರಲಿಲ್ಲ. ಹೆಂಗಸರು ನೋಡಲೆಂದೇ ಬರುತ್ತಿದ್ದರು. ಅವಳಿಗೂ ಜಂಬ ಇತ್ತು. ಬಂದವರ ಮನೆಯ ಗೋಡೆಯ ಬಗ್ಗೆ ಒಂದೆರಡು ಮಾತು ಸೇರಿಸಿಯೇ ಕಳಿಸುತ್ತಿದ್ದಳು.

ಆ ವರ್ಷ ಮಳೆ ಹೊಳವಾಗುವ ಹೊತ್ತಿಗೆ ಡಿ.ಡಿ.ಟಿ.ಯವರು ಬಂದರು. ಮಲೇರಿಯಾ ಓಡಿಸಲು ಸರ್ಕಾರ ಕಳಿಸಿದವರು. ಪಾತ್ರೆ ಪಡಗ, ಹಾಸಿಗೆ, ತೊಟ್ಟಿಲು ಎಲ್ಲವನ್ನೂ ಅಂಗಳಕ್ಕೆ ಹಾಕಿಸಿ ಪಂಪಿನಿಂದ ಗೋಡೆಗೆಲ್ಲ ಮದ್ದು ಹೊಡೆದರು. ಕೆಂಪು ಗೋಡೆಯ ಮೇಲೆ ಬಿಳಿ ಬಿಳಿ ಕಲೆ ಇಳಿದಿತ್ತು. ಅವರ ಮೇಸ್ತ್ರಿ ಮಲಯಾಳದವನು. ದೊಡ್ಡಮ್ಮ ಕೊಟ್ಟ ಮಜ್ಜಿಗೆ ಕುಡಿದು, "ಅಮ್ಮಾ, ಇದ್ರ ಮೇಲೆ ಮಣ್ಣು ಮೆತ್ತಬಾರ್ದು, ಕೇಟ್ಟೋ. ಮದ್ದು ಗೋಡೆ ಮೇಲೇ ಇರಬೇಕ್. ಸೊಳ್ಳೆ ಬಂದು ಕೂತ್ರೆ ಸಾಯ್ತದೆ. ನಾವ್ ಮತ್ತೆ ಬರೋವರೆಗೂ ಹೀಗೇ ಬಿಡಿ" ಎಂದ. ದೊಡ್ಡಮ್ಮ "ಆಯ್ತು ಕಣಪ್ಪ" ಎಂದಳು. ಅಪ್ಪ ಗದ್ದೆಯಲ್ಲಿದ್ದ. ಅವ್ವ ತಂಗಿಯನ್ನು ಎತ್ತಿಕೊಂಡು ವಾಸನೆಗೆ ದೂರ ನಿಂತಿದ್ದಳು.

ಅವರು ಬೇಲಿ ದಾಟಿದ ಕೂಡಲೇ, "ಕೋಳಿ ಹಿಕ್ಕೆ ಹಾಕ್ದಂಗೆ ಮಾಡಿ ಹೋದ್ರಲ್ಲ ಮನೇನ" ಎಂದಳು. ಕೆಲವು ದಿನ ಸುಮ್ಮನಿದ್ದಳು. ಅಷ್ಟರಲ್ಲಿ ಪಿತೃಪಕ್ಷ ಬಂತು, ಹಿರೇರ ಹಬ್ಬ. ತೀರಿಕೊಂಡವರು ಮನೆಗೆ ಬರುತ್ತಾರೆಂದು ಅವರಿಗೆ ಬಟ್ಟೆ, ಹೂವು, ಅವರಿಗೆ ಪ್ರಿಯವಾದ ತಿಂಡಿ ಎಲ್ಲವನ್ನೂ ಎಡೆ ಇಡುವ ಹಬ್ಬ. ಅದಕ್ಕೆ ಮುಂಚೆ ಮನೆಯ ಒಂದು ಮೂಲೆಯೂ ಬಿಡದೆ ಸಾರಿಸಬೇಕು. ನಮ್ಮ ಕಡೆಯವರು ಉಪವಾಸವಾದರೂ ಇದ್ದಾರು, ಸಾರಿಸದ ಮನೆಯಲ್ಲಿ ಹಿರೇರ ಎಡೆ ಇಡಲಾರರು. "ನಿಮ್ ದೊಡ್ಡಪ್ಪ ವರ್ಷಕ್ಕೊಂದಿನ ಬರೋರು. ಈ ಗೋಡೆ ಮುಂದೆ ಎಂಗವ್ವ ಎಡೆ ಇಕ್ಲಿ?" ಎಂದು ನನ್ನನ್ನು ಕೇಳಿದಳು. ನಾನು ಏನು ಹೇಳಲಿ, ನನಗೆ ಮಣ್ಣು ತುಳಿಯುವ ಖುಷಿ. ನಾನೂ ತಮ್ಮನೂ ಕೆಮ್ಮಣ್ಣು ತುಳಿದು ಹದ ಮಾಡಿಕೊಟ್ಟೆವು, ಅವ್ವ ನೀರು ಹೊತ್ತಳು, ದೊಡ್ಡಮ್ಮ ಸಂಜೆಯೊಳಗೆ ಒಳಗೋಡೆಯನ್ನೆಲ್ಲ ಮುಗಿಸಿದಳು. ಅಪ್ಪ ಬಂದು ಬಾಗಿಲಲ್ಲಿ ನಿಂತು, "ಈಗ ಮನೆ ಮನೆಯಂಗೈತೆ" ಎಂದ. ಈ ಮಾತನ್ನು ಅಪ್ಪ ಆಮೇಲೆ ಮರೆತ. ನಾನು ಮರೆತಿಲ್ಲ.

ಹಬ್ಬ ಕಳೆದ ಮೇಲೆ ತಮ್ಮನಿಗೆ ಜ್ವರ ಹಿಡಿಯಿತು. ಬರುವುದು, ನಡುಗಿಸುವುದು, ಬೆವರಿ ಬಿಡುವುದು, ಒಂದು ದಿನ ಬಿಟ್ಟು ಮತ್ತೆ ಬರುವುದು. ದೊಡ್ಡಮ್ಮ ಅಮೃತಬಳ್ಳಿ, ನೆಲಬೇವು ಎಲ್ಲ ಕಾಯಿಸಿ ಕುಡಿಸಿದಳು. ಅವನು ಒಣಗಿದ ದಂಟಿನ ಹಾಗಾದ. ಒಂದು ಮಧ್ಯಾಹ್ನ ಅವಳ ತೊಡೆಯ ಮೇಲೆಯೇ ಕಣ್ಣು ಮೇಲೆ ಮಾಡಿ ಕೈಕಾಲು ಸೆಟೆದುಕೊಂಡ. ಅಪ್ಪ ಗಾಡಿ ಕಟ್ಟಿದ. ತಂಗಿಯ ಜೊತೆ ಅವ್ವ ಮನೆಯಲ್ಲಿ ಉಳಿದಳು. ಅಪ್ಪ, ತಮ್ಮನನ್ನು ಮಡಿಲಲ್ಲಿ ಹಾಕಿಕೊಂಡ ದೊಡ್ಡಮ್ಮ, ಒದ್ದೆ ಬಟ್ಟೆಯ ಚೆಂಬು ಹಿಡಿದ ನಾನು ಪೇಟೆಯ ಆಸ್ಪತ್ರೆಗೆ ಹೋದೆವು.

ಡಾಕ್ಟರು ಸೂಜಿ ಚುಚ್ಚಿದರು, ತಮ್ಮನ ಹೊಟ್ಟೆಯ ಎಡಭಾಗ ಒತ್ತಿ ನೋಡಿ ಗಡ್ಡೆ ಕಟ್ಟಿದೆ ಎಂದರು. ಬದುಕುತ್ತಾನೆಂದು ಹೇಳಲಿಲ್ಲ, ಬೆಳಗಾಗಲಿ ಎಂದರು. ಆಮೇಲೆ ಕೇಳಿದರು, "ನಿಮ್ಮ ಕಡೆ ಗೋಡೆಗೆ ಮದ್ದು ಹೊಡೆದಾಗಿದೆಯಲ್ಲ?"

ಅಪ್ಪ "ಹೊಡ್ದವ್ರೆ ಸ್ವಾಮಿ" ಎಂದ.

ದೊಡ್ಡಮ್ಮ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ನಾನು ಸಾರಿಸ್ಬುಟ್ಟೆ" ಎಂದಳು. "ಬ್ಯಾಡ ಅಂತ ಆವಯ್ಯ ಹೇಳಿದ್ದ. ಹಬ್ಬಕ್ಕೆ ಅಂತ ಸಾರಿಸ್ಬುಟ್ಟೆ."

ಡಾಕ್ಟರು ಬೈಯಲಿಲ್ಲ. ಆ ಕಡೆಯಿಂದ ಬಂದವರೆಲ್ಲ ಇದೇ ಹೇಳುತ್ತಾರೆ ಎಂದು ತಮ್ಮಷ್ಟಕ್ಕೆ ಅಂದುಕೊಂಡು ಹೋದರು. ಬೈದವನು ಅಪ್ಪ. ಜಗಲಿಗೆ ಬಂದು, ಅವಳ ಮುಖವನ್ನೂ ನೋಡದೆ, "ಒಂದು ಹೆತ್ತಿದ್ರೆ ಗೊತ್ತಾಗೋದು ನಿಮ್ಗೆ" ಎಂದ.

ದೊಡ್ಡಮ್ಮ ನನ್ನ ಕೈಯಿಂದ ಚೆಂಬು ಇಸಿದುಕೊಂಡು, ಒಳಗೆ ಹೋಗಿ, ತಮ್ಮನ ಹಣೆಗೆ ಬಟ್ಟೆ ಹಾಕುತ್ತಾ ಕೂತಳು. ನನಗೆ ಆಗ ಅಪ್ಪನ ಮೇಲೆ ಬಂದ ಸಿಟ್ಟು ಈ ವಯಸ್ಸಿನಲ್ಲೂ ಪೂರ್ತಿ ಇಳಿದಿಲ್ಲ.

ತಮ್ಮ ಬದುಕಿದ. ಕ್ವಿನೈನ್ ಕಹಿಗೆ ಉಗುಳಿ, ಬೈಸಿಕೊಂಡು, ಕಡ್ಡಿಯ ಹಾಗೆ ಮನೆಗೆ ಬಂದ. ಅವನು ಬಂದ ಮರುದಿನ ಬೆಳಗ್ಗೆ ದೊಡ್ಡಮ್ಮ ತನ್ನ ಎರಡು ಸೀರೆಯನ್ನು ಗಂಟು ಕಟ್ಟಿಕೊಂಡು ಅಂಗಳಕ್ಕೆ ಇಳಿದಳು. ಸೇತುವೆ ದಾಟಿ ತನ್ನ ತಮ್ಮಂದಿರ ಮನೆಗೆ ಹೋಗುತ್ತೇನೆಂದಳು. ಅಪ್ಪ ಎತ್ತಿನ ಹತ್ತಿರ ನಿಂತಿದ್ದವನು ತಲೆ ಎತ್ತಲಿಲ್ಲ. ಅವ್ವ ಒಳಗಿನಿಂದ ಬಂದಳು. ಬೇಡ ಹೋಗಬೇಡ ಎಂದೇನೂ ಕೈಹಿಡಿದು ಎಳೆಯಲಿಲ್ಲ. ಒಂದು ಕಂಕುಳಲ್ಲಿದ್ದ ತಮ್ಮನನ್ನು ಅವಳ ಕಂಕುಳಿಗೆ ದಾಟಿಸಿ, ಇನ್ನೊಂದು ಕೈಯಲ್ಲಿದ್ದ ಗಂಜಿಯ ಬಟ್ಟಲನ್ನು ಅವಳ ಕೈಗೆ ಕೊಟ್ಟು, "ನನ್ ಕೈಲಿ ಕುಡಿಯಕ್ಕಿಲ್ಲ ಅಂತಾನೆ ಕಣಕ್ಕ. ಕುಡಿಸ್ಬುಟ್ಟು ಎಲ್ಲಿಗೆ ಬೇಕಾದ್ರೂ ಹೋಗು" ಎಂದಳು. ದೊಡ್ಡಮ್ಮನಿಗೆ ಗಂಟು ಕೆಳಗಿಡದೆ ಬೇರೆ ದಾರಿಯಿರಲಿಲ್ಲ. ಗಂಜಿ ಕುಡಿಸಿದಳು. ಆಮೇಲೆ ಅವನಿಗೆ ನಿದ್ದೆ ಬಂತು, ಮಲಗಿಸಿದಳು. ಆಮೇಲೆ ಬದನೆಗೆ ನೀರು ಹಾಕಿ ನಾಲ್ಕು ದಿನವಾಗಿದೆ ಎಂದು ನಾನು ಹೇಳಿದೆ. ಸಂಜೆ ಹೊತ್ತಿಗೆ ಆ ಗಂಟು ಎಲ್ಲಿ ಹೋಯಿತೋ ನೋಡಿದವರಿಲ್ಲ.

ಅವಳು ಒಳಗೋಡೆಯನ್ನು ಮತ್ತೆ ಸಾರಿಸಲಿಲ್ಲ. ಮದ್ದಿನವರು ಮುಂದಿನ ಸಲ ಬಂದಾಗ ಅವರ ಹಿಂದೆಯೇ ನಡೆದು, ಇಲ್ಲಿ ಬಿಟ್ರಿ, ಅಲ್ಲಿ ಬಿಟ್ರಿ ಎಂದು ತೋರಿಸಿದಳು. ಹಿರೇರ ಹಬ್ಬಕ್ಕೆ ಬಿಳಿ ಕಲೆಯ ಗೋಡೆಯ ಮುಂದೆಯೇ ಎಡೆ ಇಟ್ಟು, "ಈ ವರ್ಷ ಹಿಂಗೇ. ಕಣ್ ಮುಚ್ಕಂಡು ಉಂಡು ಹೋಗಿ" ಎಂದು ದೊಡ್ಡಪ್ಪನಿಗೆ ಗದರಿದಳು. ನಾವು ನಕ್ಕೆವು, ಅವಳೂ ನಕ್ಕಳು.

ಇಷ್ಟಕ್ಕೆ ಬಿಟ್ಟಿದ್ದರೆ ಅವಳು ದೊಡ್ಡಮ್ಮನೇ ಅಲ್ಲ. ಆ ಹಬ್ಬಕ್ಕೆ ಮುಂಚೆಯೇ ಕುಕ್ಕೆಯಲ್ಲಿ ಬದನೆ, ಅವರೆ ತುಂಬಿಕೊಂಡು, ತಮ್ಮನನ್ನು ಸೊಂಟಕ್ಕೆ ಹಾಕಿಕೊಂಡು, ನನ್ನನ್ನು ಹಿಂದೆ ಕರೆದುಕೊಂಡು ನಮ್ಮವರ ಮನೆಮನೆಗೆ ಹೋದಳು. ಯಾರ ಗೋಡೆಗೆ ಹೆಸರಿಟ್ಟು ನಗುತ್ತಿದ್ದಳೋ ಅವರದೇ ಜಗಲಿಯಲ್ಲಿ ಕೂತು, "ನಾನು ಸಾರಿಸಿ ಮಗನ್ನ ಕೊಲ್ತಿದ್ದೆ. ನೀವು ಸಾರಿಸ್ಬ್ಯಾಡಿ. ನೆಲ ಬೇಕಾದ್ರೆ ಸಾರಿಸ್ಕಳಿ" ಎಂದು ಹೇಳಿ, ತಮ್ಮನ ಅಂಗಿ ಎತ್ತಿ ಗಡ್ಡೆ ಮುಟ್ಟಿ ನೋಡಲು ಹೇಳುತ್ತಿದ್ದಳು. ಕೆಲವರು ಮುಖ ತಿರುಗಿಸಿದರು. ಒಬ್ಬಾಕೆ "ಇದ್ದ ಜಂಬ ಇಳೀತಾ?" ಎಂದು ಕೇಳಿಯೇಬಿಟ್ಟಳು. ದೊಡ್ಡಮ್ಮ "ಇಳೀತು ಕಣವ್ವ" ಎಂದು ಅವಳ ಮೊರಕ್ಕೂ ಬದನೆಕಾಯಿ ಸುರಿದು ಎದ್ದಳು. ತಮ್ಮನಿಗೆ ಮಾತ್ರ ಈ ತಿರುಗಾಟ ಬಹಳ ಹಿಡಿಸಿತು, ಪ್ರತಿ ಮನೆಯಲ್ಲೂ ಬೆಲ್ಲ ಕೊಡುತ್ತಿದ್ದರು. ಗಡ್ಡೆ ಕರಗಿದ ಮೇಲೂ ಕಂಡವರಿಗೆಲ್ಲ ತಾನೇ ಅಂಗಿ ಎತ್ತುತ್ತಿದ್ದ. ಆ ಸಲ ಹೆಚ್ಚಿನ ಮನೆಗಳಲ್ಲಿ ಗೋಡೆ ಹಾಗೇ ಉಳಿಯಿತು.

ಅಪ್ಪ ಅವಳ ಕೈಯ ಊಟ ಮಾಡಿದ, ಅವಳನ್ನು ಕೇಳದೆ ಬೀಜ ಬಿತ್ತಲಿಲ್ಲ, ಅತ್ತಿಗೆ ಅತ್ತಿಗೆ ಎಂದೇ ಕರೆದ. ಆದರೆ ಆಸ್ಪತ್ರೆಯ ಜಗಲಿಯ ಮಾತನ್ನು ವಾಪಸ್ಸು ತೆಗೆದುಕೊಳ್ಳಲಿಲ್ಲ. ಅವಳೂ ಅದನ್ನು ಯಾರ ಹತ್ತಿರವೂ ಎತ್ತಲಿಲ್ಲ. ಒಮ್ಮೆ ಮಾತ್ರ, ನನ್ನ ಮದುವೆ ಗೊತ್ತಾದಾಗ, ನನ್ನ ತಲೆ ಬಾಚುತ್ತಾ, "ನಿಮ್ಮಪ್ಪ ಅಂದಿದ್ದೇನು ಸುಳ್ಳಾ, ಬುಡು. ಹೆರದೇ ಇರೋಳಿಗೆ ಎಷ್ಟು ಗೊತ್ತಿರ್ತದೆ" ಎಂದಳು. ಅಷ್ಟು ವರ್ಷ ಅದು ಅವಳೊಳಗೆ ಇತ್ತೆಂದು ನನಗೆ ಆವತ್ತು ಗೊತ್ತಾಯಿತು.

ಕೊಡಗು ಮೈಸೂರಿಗೆ ಸೇರಿ ಎಷ್ಟೋ ವರ್ಷದ ಮೇಲೆ, ಒಂದು ಬೇಸಿಗೆಯ ಬೆಳಗ್ಗೆ, ಸೇವಂತಿಗೆ ಸಸಿ ಕಿತ್ತು ನೆಡುತ್ತಿದ್ದವಳು ಪಾತಿಯ ಪಕ್ಕದಲ್ಲೇ ಕೂತು, ಹಾಗೇ ವಾಲಿಕೊಂಡಳು. ನಾನು ಗಂಡನ ಮನೆಯಿಂದ ಬರುವ ಹೊತ್ತಿಗೆ ಎಲ್ಲರೂ ಸೇರಿದ್ದರು. ಹೆಣದ ಮುಂದೆ ಮಡಕೆ ಹೊರುವವರು ಯಾರು ಎನ್ನುವ ಮಾತು ನಡೆದಿತ್ತು. ಮಕ್ಕಳಿಲ್ಲದವಳಿಗೆ ಮೈದುನನೇ ಹೊರಬೇಕು ಎಂದರು ಹಿರಿಯರು. ತಮ್ಮ ಆಗಲೇ ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ಮಡಕೆಯ ಹತ್ತಿರ ನಿಂತಿದ್ದ. ಅಪ್ಪ ಅವ್ವ ಇಬ್ಬರೂ ಬದುಕಿರುವಾಗ ಹುಡುಗ ಮಡಕೆ ಹೊರುವುದು ಕೆಟ್ಟದ್ದೆಂದು ಒಬ್ಬರು ಅವನ ತೋಳು ಹಿಡಿದರು.

ಅಪ್ಪ ಎದ್ದು ಬಂದು ಆ ಕೈಯನ್ನು ಬಿಡಿಸಿದ. "ಅತ್ತಿಗೆ ಮಗ ಇಲ್ಲೇ ನಿಂತವ್ನಲ್ಲ. ನಾನ್ಯಾಕೆ ಹೊರ್ಲಿ?" ಎಂದ.

ತಮ್ಮ ಮಡಕೆ ಎತ್ತಿಕೊಂಡ.

ಎಲ್ಲ ಮುಗಿದು ಜನ ಚದುರಿದ ಮೇಲೆ ನಾನು ಅಪ್ಪನ ಹತ್ತಿರ ಹೋದೆ. ಅಷ್ಟು ವರ್ಷ ನುಂಗಿಕೊಂಡಿದ್ದೆ, ಇನ್ನು ಆಗಲಿಲ್ಲ. "ಈ ಮಾತನ್ನು ಅವಳು ಇದ್ದಾಗ ಹೇಳಬಹುದಿತ್ತಲ್ಲಪ್ಪ" ಎಂದೆ.

"ಹೇಳ್ಬೇಕಿತ್ತು ಕಣವ್ವ" ಎಂದ ಅಪ್ಪ.