ಬೇಗಮಕ್ಕನ ಮಾಳಿಗೆಯ ಡಿಶ್

ಶಿವರಾತ್ರಿಯ ಹಿಂದಿನ ವಾರ ದುರಗವ್ವ ಅಮರಗೋಳದ ಎಪಿಎಂಸಿ ಯಾರ್ಡಿಗೆ ಹೋಗಿದ್ದಳು. ವರ್ಷದ ಖಾರಪುಡಿಗೆ ಬೇಕಾದ ಬ್ಯಾಡಗಿ ಮೆಣಸಿನಕಾಯಿಯನ್ನು ಅವಳು ಅಂಗಡಿಯಲ್ಲಿ ಕೊಳ್ಳುವವಳಲ್ಲ. ಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಕಾಯಿ ಮುರಿದು ಬಣ್ಣ ನೋಡಿ ಆರಿಸುತ್ತಿದ್ದಾಗ, ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಅವಳ ಮುಖವನ್ನೇ ನೋಡತೊಡಗಿದಳು.

"ಯಕ್ಕಾ, ನೀವು ಗೀಗೀ ಪದಾ ಹಾಡತಿದ್ದ ಫಕೀರವ್ವನ ತಂಗಿ ಅಲ್ಲೇನ್ರಿ? ನಾವೂ ಕುಂದಗೋಳ ಕಡೇರ."

"ಹೌದ್ರಿ. ಯಾಕ್ರಿ?"

"ಹೋದ ತಿಂಗಳ ನಿಮ್ಮಕ್ಕನ್ನ ಟೀವ್ಯಾಗ ತೋರಿಸಿದ್ರಲ್ರೀ! ಹಿಂದ ತುಂತುಣಿ ಹಿಡಕೊಂಡ ನಿಂತಾಕಿ ನೀವ ಇರಬೇಕು ಅನಕೊಂಡೆ. ಮೂಗು ಈಗೂ ಹಂಗ ಐತಿ ನೋಡ್ರಿ."

ದುರಗವ್ವ ಕೈಯಲ್ಲಿದ್ದ ಕಾಯಿಗಳನ್ನು ಚೀಲಕ್ಕೇ ಸುರಿದು ಎದ್ದಳು. ಮೆಣಸಿನಕಾಯಿ ಕೊಳ್ಳದೆಯೇ ಬಸ್ಸು ಹತ್ತಿ ಹಳೇ ಹುಬ್ಬಳ್ಳಿಯ ಮನೆಗೆ ಬಂದು ಟೀವಿ ಹಚ್ಚಿದಳು. ಪರದೆಯ ಮೇಲೆ ರಿಚಾರ್ಜ್ ಮುಗಿದಿದೆ ಎಂಬ ಬರಹ ಬಂತು. ಯಾವಾಗ ಮುಗಿದಿತ್ತೋ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಗಳು ಸಂಘಮಿತ್ರಾ ವಿದ್ಯಾನಗರದ ಕಾಲೇಜಿನಲ್ಲಿ ಪಾಠ ಮಾಡುವವಳು. ಅವಳಿಗೆ ಬೇಕಾದದ್ದೆಲ್ಲ ಮೊಬೈಲಿನಲ್ಲೇ ಸಿಗುತ್ತಿತ್ತು. ದುರಗವ್ವನಿಗೂ ಟೀವಿಯ ಗೀಳು ಇರಲಿಲ್ಲ.

ಫಕೀರವ್ವ ತೀರಿಕೊಂಡು ಇಪ್ಪತ್ತೈದು ವರ್ಷದ ಮೇಲಾಗಿತ್ತು. ತಾಯಿ ಬೇಗ ಹೋದದ್ದರಿಂದ ದುರಗವ್ವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಈ ಅಕ್ಕನೇ. ಹೊಲದ ಕೂಲಿಗೆ ಹೋದಲ್ಲಿ ಹಾಡುತ್ತ ಹಾಡುತ್ತ, ಒಂದು ದಿನ ಯಾರನ್ನೂ ಕೇಳದೆ ಡಪ್ಪು ಕೈಗೆತ್ತಿಕೊಂಡು ಮೇಳ ಕಟ್ಟಿದಳು. ಮುಂದೆ ನಿಂತು ಪದ ಹೇಳುವವಳು ಫಕೀರವ್ವ. ಹಿಂದೆ ನಿಂತು ಒಂಟಿ ತಂತಿಯ ತುಂತುಣಿ ಮೀಟುತ್ತ "ಗೀಯ ಗೀಯ ಗಾಗೀಯ ಗೀ" ಎಂದು ದನಿಗೂಡಿಸುವವಳು ದುರಗವ್ವ. ಅವರ ಜೊತೆ ತಾಳ ಹಿಡಿಯಲು ಸಾವಂತ್ರವ್ವ ಎಂಬ ಗೆಳತಿ. ಫಕೀರವ್ವನ ಬಾಯಿ ಸುಮ್ಮನಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಹಾಡು ಇಲ್ಲದಿದ್ದರೆ ಮಾತು, ಮಾತು ಮುಗಿದರೆ ನಗು, ನಗು ಬರದಿದ್ದರೆ ಬೈಗುಳ.

ಒಮ್ಮೆ ಬೆಂಗಳೂರಿನಿಂದ ಬಂದ ಟೀವಿಯವರು ಧಾರವಾಡದ ಕಾಲೇಜೊಂದರ ಅಂಗಳದಲ್ಲಿ ಇವರ ಮೇಳವನ್ನು ಚಿತ್ರಿಸಿಕೊಂಡು ಹೋದರು. ಅದು ಪ್ರಸಾರವಾಗುವ ದಿನ ಊರಿನ ಮಾಸ್ತರರ ಪಡಸಾಲೆಯಲ್ಲಿ ಜನ ಕಿಕ್ಕಿರಿದಿದ್ದರು. ಹೆಸರು ಹೇಳಿದ ಮರುಗಳಿಗೆಯೇ ಕರೆಂಟು ಹೋಯಿತು. ಮತ್ತೆ ಬಂದಾಗ ವಾರ್ತೆ ಓದುತ್ತಿದ್ದರು. ದುರಗವ್ವ ಅತ್ತುಬಿಟ್ಟಳು. ಫಕೀರವ್ವ ಮಾತ್ರ ನಕ್ಕಳು: "ಹೋಗಲಿ ಬಿಡ, ತಂಗಿ. ನಮ್ಮ ಮಾರಿ ನಾವ ನೋಡಿಕೊಂಡ ಏನ್ ಮಾಡೂದೈತಿ? ನಾಡಿನ ಮಂದಿ ನೋಡ್ಯಾರ."

ಅದಾದ ಕೆಲವೇ ವರ್ಷಗಳಲ್ಲಿ ಕಾಮಾಲೆ ಅವಳನ್ನು ಕರೆದೊಯ್ದಿತು. ಮನೆಯಲ್ಲಿ ಉಳಿದದ್ದು ಒಂದೇ ಒಂದು ಫೋಟೊ. ಸ್ಟುಡಿಯೋದವನು ಹೇಳಿದಂತೆ ಬಿಗಿಯಾಗಿ ಕೂತ, ತುಟಿ ಮುಚ್ಚಿದ ಫೋಟೊ. ಅದನ್ನು ನೋಡಿದಾಗಲೆಲ್ಲ ಇದು ಯಾರೋ ಬೇರೆಯವರು ಅನಿಸುತ್ತಿತ್ತು ದುರಗವ್ವನಿಗೆ. ವರ್ಷ ಕಳೆದಂತೆ ಅಕ್ಕನ ದನಿಯೂ ಅವಳ ಕಿವಿಯಿಂದ ಜಾರತೊಡಗಿತು. ಪದ ನೆನಪಾದರೆ ದನಿ ತನ್ನದೇ ಆಗಿರುತ್ತಿತ್ತು.

ಸಂಘಮಿತ್ರಾ ಮೊಬೈಲಿನಲ್ಲಿ ಹುಡುಕಿ ನೋಡಿದಳು. ಬೇರೆ ಮೇಳಗಳು ಎಷ್ಟೋ ಸಿಕ್ಕವು, ದೊಡ್ಡವ್ವನ ಮೇಳ ಸಿಗಲಿಲ್ಲ. ಚಂದನ ವಾಹಿನಿಗೂ ಬರೆದು ನೋಡಿದಳು, ಉತ್ತರ ಬರಲಿಲ್ಲ.

"ಹಳೇವನ್ನ ಆಗಾಗ ತೋರಿಸತಾರ, ಅವ್ವಾ. ಮತ್ತ ಬಂದರೂ ಬರಬಹುದು. ರಿಚಾರ್ಜ್ ಮಾಡಸ್ತೇನಿ ತಗೋ."

"ಬ್ಯಾಡ. ಅದು ಎಂದ ಬರತೈತೋ, ನಾಳೆನೋ, ಐದು ವರ್ಷಕ್ಕೋ. ರಿಚಾರ್ಜ್ ಮಾಡೂದು ಒಂದಿನ ಮರತರ, ಅವತ್ತ ಬಂದು ಹೋಗತೈತಿ. ಬಂದ್ ಆಗದಂಥಾದ್ದು ಏನರ ಐತೇನ ನೋಡು."

ಹೀಗೆ ಅವರ ಮನೆಗೆ ಮಹಾಂತಯ್ಯ ಬಂದ. ದುರ್ಗದಬೈಲಿನ ಹತ್ತಿರ ಟೀವಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ, ಮಾತಿನಲ್ಲಿ ಎಂದೂ ಸೋಲದ ಮನುಷ್ಯ. ದುರಗವ್ವ ಮೊದಲು ಅವನಿಗೆ ತೋರಿಸಿದ್ದು ಮನೆಯ ಮೇಲಿದ್ದ ಹಳೆಯ ಆಂಟೆನಾವನ್ನು. ಗಂಡ ಹುಲಗೇಶ ರೈಲ್ವೆ ವರ್ಕ್‌ಶಾಪಿನಲ್ಲಿದ್ದ ಕಾಲದಲ್ಲಿ ಕಟ್ಟಿದ, ಮೀನಿನ ಎಲುಬಿನಂಥ ಅಲ್ಯೂಮಿನಿಯಂ ಕಡ್ಡಿಗಳದ್ದು.

"ಇದಕ್ಕ ಒಂದು ವಾಯರ್ ಜೋಡಿಸಿದ್ರ ಆಗೂದಿಲ್ಲೇನ್ರಿ, ಅಯ್ಯಾರ?"

"ಆ ಸಿಗ್ನಲ್ಲ ಬಂದ್ ಮಾಡ್ಯಾರ, ಯಕ್ಕಾ. ಇದರ ಮ್ಯಾಲೆ ಇನ್ನ ಕಾಗಿ ಅಷ್ಟ ಕುಂದ್ರಬೇಕು. ಫ್ರೀ ಡಿಶ್ ಹಾಕಸ್ರಿ. ಒಮ್ಮೆ ಹಾಕಿದ್ರ ಮುಗೀತು, ತಿಂಗಳಿಗೆ ಕೊಡೂದಿಲ್ಲ, ಬಿಡೂದಿಲ್ಲ. ಆಕಾಶದಾಗಿಂದ ಸೀದಾ ಬರತೈತಿ, ನಡಕ ಯಾರೂ ಇಲ್ಲ."

ಅಂಗಡಿಯಲ್ಲಿ ಸಣ್ಣದೂ ಇತ್ತು, ಅದಕ್ಕಿಂತ ಒಂದು ಗೇಣು ಅಗಲವಾದದ್ದೂ ಇತ್ತು. ಸಣ್ಣದೇ ಸಾಕು ಎಂದ ಮಹಾಂತಯ್ಯ. ಮಳೆ ಜೋರಾದಾಗ? ಎಂದು ಕೇಳಿದಳು ದುರಗವ್ವ. ಆಗ ಚಿತ್ರ ಸ್ವಲ್ಪ ಒಡೆಯಬಹುದು, ದೊಡ್ಡದಾದರೆ ಅಷ್ಟು ಲಗೂ ಒಡೆಯುವುದಿಲ್ಲ ಎಂದು ಅವನು ಒಪ್ಪಿಕೊಂಡ. ದೊಡ್ಡದನ್ನೇ ತೆಗೆದುಕೊಂಡಳು. ಅದರ ಜೊತೆಗೆ ಒಂದು ಸೆಟ್‌ಟಾಪ್ ಬಾಕ್ಸು.

ತೊಂದರೆ ಬಂದದ್ದು ಕೂಡಿಸುವಾಗ. ಡಿಶ್ಶಿನ ಮುಖ ಆಗ್ನೇಯಕ್ಕೆ, ಅದೂ ಮೇಲ್ಮುಖವಾಗಿ ಇರಬೇಕು. ಅವರ ಮನೆಯ ಆ ಮೂಲೆಗೇ ಗೋಡೆಗೆ ಗೋಡೆ ಹಚ್ಚಿ ಮೂರಂತಸ್ತಿನ ಹೊಸ ಕಟ್ಟಡ ಎದ್ದಿತ್ತು. ಮಹಾಂತಯ್ಯ ಡಿಶ್ಶನ್ನು ಹೊತ್ತುಕೊಂಡು ಮಾಳಿಗೆಯ ನಾಲ್ಕೂ ಮೂಲೆಯಲ್ಲಿ ನಿಂತು ನೋಡಿದ. ಎಲ್ಲಿ ನಿಂತರೂ ಎದುರಿಗೆ ಸಿಮೆಂಟಿನ ಗೋಡೆ. ಕೊನೆಗೆ ಅವನು ಹಿಂದಿನ ಮನೆಯತ್ತ ಕೈ ಮಾಡಿದ.

"ಆ ಮಾಳಗಿ ಮ್ಯಾಲಾದ್ರ ಆಕಾಶ ಪೂರಾ ಬಿಚ್ಚೈತಿ ನೋಡ್ರಿ. ಅವರನ್ನ ಕೇಳ್ರಿ."

ಅದು ಶಹಜಹಾನಬೇಗಂ ಅವರ ಮನೆ. ಇಬ್ಬರ ನಡುವೆ ಮಾತು ನಿಂತು ಎರಡು ಮಳೆಗಾಲ ಕಳೆದಿದ್ದವು. ಜಗಳ ದೊಡ್ಡದೇನಲ್ಲ. ದುರಗವ್ವನ ಬಚ್ಚಲ ನೀರು ಬೇಗಂ ಅವರ ಬಾಗಿಲ ಮುಂದೆ ನಿಲ್ಲುತ್ತಿತ್ತು. ಅವರೊಂದು ಅಂದರು, ಇವಳೊಂದು ಅಂದಳು. ಗಟಾರು ರಿಪೇರಿಯಾದ ಮೇಲೂ ಮಾತು ರಿಪೇರಿಯಾಗಲಿಲ್ಲ.

ಸಂಘಮಿತ್ರಾ ತಾನೇ ಹೋಗಿ ಕೇಳುತ್ತೇನೆ ಎಂದಳು. ದುರಗವ್ವ ಬೇಡವೆಂದಳು. ಸೀರೆ ಬದಲಿಸಿ, ತಲೆ ಬಾಚಿಕೊಂಡು, ಓಣಿ ಸುತ್ತಿ ಹೋಗಿ ಆ ಬಾಗಿಲ ಮುಂದೆ ನಿಂತಳು. ಬೇಗಂ ಅಕ್ಕಿ ಹಸನು ಮಾಡುತ್ತಿದ್ದರು. ಮೊರ ಕೆಳಗಿಡಲಿಲ್ಲ.

"ಏನು ಬಂದಿ?"

ಬರುವಾಗ ಕೂಡಿಸಿಟ್ಟುಕೊಂಡಿದ್ದ ಮಾತೆಲ್ಲ ದುರಗವ್ವನಿಗೆ ಮರೆತುಹೋಯಿತು. "ಬೇಗಮಕ್ಕ, ನಮ್ಮಕ್ಕ ಟೀವ್ಯಾಗ ಬರತಾಳಂತ," ಎಂದಳು.

ಬೇಗಂ ಅವಳನ್ನೇ ನೋಡಿದರು. "ಸತ್ತು ಹೋದಾಕಿ? ಹಾಡತಿದ್ದಾಕಿ?"

"ಹೂಂನ್ರಿ."

"ಕುಂದ್ರು," ಎಂದು ಅವರು ಮೊರವನ್ನು ಸರಿಸಿದರು. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ, "ನನ್ನ ಮಾಳಗಿ ಮ್ಯಾಲೆ ಹಾಕಸು. ಆದರ ನನಗೂ ಒಂದು ವಾಯರ್ ಬಿಡಸಬೇಕು. ಮಧ್ಯಾಹ್ನ ಹೊತ್ತು ಹೋಗೂದಿಲ್ಲ ನನಗ," ಎಂದರು.

ಮರುದಿನ ಮಹಾಂತಯ್ಯ ಬೇಗಂ ಅವರಿಗೂ ಒಂದು ಬಾಕ್ಸು, ಎರಡು ಮನೆಗೆ ಸಿಗ್ನಲ್ ಕೊಡುವಂಥ ಎಲ್‌ಎನ್‌ಬಿ ತಂದ. ಡಿಶ್ಶಿನ ಮುಂದೆ ಮೂತಿಯಂತೆ ಚಾಚಿಕೊಂಡಿರುತ್ತದಲ್ಲ, ಅದು. ಡಿಶ್ಶಿನ ಕಾಲನ್ನು ಮಾಳಿಗೆಯ ಕಟ್ಟೆಗೆ ಬೋಲ್ಟು ಹಾಕಿ ಬಿಗಿದ. ದುರಗವ್ವ ತನ್ನ ಮನೆಯಲ್ಲಿ ಟೀವಿಯ ಮುಂದೆ, ಬೇಗಂ ಮಾಳಿಗೆಯ ಮೆಟ್ಟಿಲ ಮೇಲೆ.

"ಬಂತೇನ್ರಿ?" ಎಂದು ಅವನು ಮೇಲಿನಿಂದ ಕೂಗಿದರೆ, "ಬಂತೇನ, ದುರಗವ್ವ?" ಎಂದು ಬೇಗಂ ಗೋಡೆಯಾಚೆಗೆ ದಾಟಿಸುತ್ತಿದ್ದರು.

"ಇಲ್ಲ! ಕೆಂಪ ಐತಿ!"

"ಇಲ್ಲಂತ, ಕೆಂಪಂತ!"

ಒಮ್ಮೆ ಪರದೆಯ ಮೇಲಿನ ಸಿಗ್ನಲ್ಲಿನ ಪಟ್ಟಿ ಹಸಿರಾಯಿತು. ಆದರೆ ಹುಡುಕಿಸಿದರೆ ಬಂದ ಚಾನೆಲ್ಲುಗಳಿಗೆಲ್ಲ ಬೀಗ. ಮಹಾಂತಯ್ಯ ಬೇರೆ ಯಾವುದೋ ಉಪಗ್ರಹವನ್ನು ಹಿಡಿದಿದ್ದ. ಹಾಗಾಗುತ್ತದೆ, ಪಕ್ಕಪಕ್ಕದಲ್ಲೇ ಇರುತ್ತವೆ ಎಂದು ಸಮಜಾಯಿಷಿ ಹೇಳಿ, ಬೆವರು ಒರೆಸಿಕೊಂಡು, ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುವತೊಡಗಿದ. ಬಿಸಿಲು ನೆತ್ತಿಗೆ ಬಂತು. ಬೇಗಂ ಅವನಿಗೆ ಮಜ್ಜಿಗೆ ಕೊಟ್ಟರು. ಕಡೆಗೆ ದುರಗವ್ವನ ಪರದೆಯ ಮೇಲೆ ಯಾರೋ ರೈತರೊಬ್ಬರು ಎರೆಗೊಬ್ಬರದ ಬಗ್ಗೆ ಕನ್ನಡದಲ್ಲಿ ಮಾತಾಡತೊಡಗಿದರು.

"ಬಂತು! ಬೇಗಮಕ್ಕ, ಬಂತು! ಅಲ್ಲೇ ಬಿಗೀರಿ, ಕೈ ಹಚ್ಚಬ್ಯಾಡ್ರಿ!"

ಅಂದಿನಿಂದ ಮಧ್ಯಾಹ್ನಗಳು ಬದಲಾದವು. ಪಾತ್ರೆ ತೊಳೆದಿಟ್ಟು ದುರಗವ್ವ ಟೀವಿಯ ಮುಂದೆ ಕೂತರೆ ಸಂಜೆಯವರೆಗೂ ಏಳುತ್ತಿರಲಿಲ್ಲ. ತಮ್ಮ ಮನೆಯಲ್ಲೂ ಅದೇ ಬರುತ್ತಿದ್ದರೂ ಬೇಗಂ ಇಲ್ಲಿಗೇ ಬರುತ್ತಿದ್ದರು. ಕೆಲವು ದಿನ ಅಡುಗೆ, ಕೆಲವು ದಿನ ಆರೋಗ್ಯ, ನಡುನಡುವೆ ಹಳೆಯ ಜಾನಪದ ಕಾರ್ಯಕ್ರಮ. ಅದು ಶುರುವಾದರೆ ಸಾಕು, ದುರಗವ್ವ ಸೆರಗು ಸರಿಪಡಿಸಿಕೊಂಡು ಮುಂದಕ್ಕೆ ಬಾಗುತ್ತಿದ್ದಳು. ಬೈಲಹೊಂಗಲದ ಮೇಳ ಬಂತು, ಗದಗ ಕಡೆಯ ಸೋಬಾನೆಯವರು ಬಂದರು. ಹಸಿರು ಬಳೆ, ಇಳಕಲ್ ಸೀರೆ, ದೊಡ್ಡ ಕುಂಕುಮ. ಪ್ರತಿಸಲವೂ ಮೊದಲ ಮುಖ ಕಾಣುವವರೆಗೆ ಅವಳು ರಿಮೋಟಿಗೆ ಯಾರನ್ನೂ ಕೈ ಹಚ್ಚಗೊಡುತ್ತಿರಲಿಲ್ಲ.

"ಇವರಲ್ಲ," ಎನ್ನುತ್ತಿದ್ದಳು ಆಮೇಲೆ. ಆದರೂ ಎದ್ದು ಹೋಗುತ್ತಿರಲಿಲ್ಲ. "ಇವರೂ ಯಾರಿಗೋ ಅಕ್ಕ ಇರಬೇಕಲ್ರಿ."

ಬೇಸಿಗೆ ಮುಗಿಯಿತು, ಆಷಾಢದ ಗಾಳಿ ಬಂತು. ಗಾಳಿಗೆ ಡಿಶ್ ಒಮ್ಮೆ ಅಲುಗಿತು. ಬೇಗಂ ಛತ್ರಿ ಹಿಡಿದು ಮಾಳಿಗೆ ಹತ್ತಿ, ಮಹಾಂತಯ್ಯ ಪೆನ್ಸಿಲಿನಿಂದ ಎಳೆದಿದ್ದ ಗೆರೆಗೆ ಅದನ್ನು ಸರಿಹೊಂದಿಸಿ ಬಂದರು. ಅವ್ವ ಈ ಕಾಯುವಿಕೆಯಲ್ಲೇ ಸೊರಗುತ್ತಿದ್ದಾಳೆ ಅನಿಸಿತು ಸಂಘಮಿತ್ರಾಗೆ.

"ಬರಲಿಕ್ಕಿಲ್ಲ ಅನಸತೈತಿ, ಅವ್ವಾ. ಎಷ್ಟಂತ ಕಾಯತೀ?"

"ಕಾಯಾಕರ ಏನೋ ಒಂದು ಸಿಕ್ಕೈತಲ್ಲ," ಎಂದಳು ದುರಗವ್ವ. "ಇಷ್ಟು ವರ್ಷ ಅದೂ ಇರಲಿಲ್ಲ."

ದಸರಾ ರಜೆಯ ಒಂದು ಮಧ್ಯಾಹ್ನ. ಸಂಘಮಿತ್ರಾ ಒಳಗೆ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಟೀವಿಯಿಂದ ಡಪ್ಪಿನ ಸದ್ದು ಬಂತು. ಆಮೇಲೆ ಬೇಗಂ ಅವರ ದನಿ: "ಬಾ ಇಲ್ಲಿ, ಲಗೂ ಬಾ!"

ಪರದೆಯ ಬಣ್ಣ ಮಾಸಿತ್ತು. ಬೇವಿನ ಮರದ ಕೆಳಗೆ ಮೂವರು ಹೆಂಗಸರು. ಮುಂದಿದ್ದವಳು ಡಪ್ಪನ್ನು ಎದೆಗೆ ಒತ್ತಿಕೊಂಡು ಬಾಯ್ತುಂಬ ನಗುತ್ತ ಪದ ಎತ್ತಿದ್ದಳು:

"ಬೆಳಗಾಗ ಬಾವಿಗಿ ನಡದಾಳ ತಂಗಿ
ನೆರಳೊಂದು ಮುಂದ ನಡದೈತಿ..."

ಸಂಘಮಿತ್ರಾ ಓಡಿ ಬಂದು ನಿಂತಳು. ತನ್ನದೇ ಹಣೆ, ತನ್ನದೇ ಹಲ್ಲು. ಹಾಡುತ್ತಿದ್ದವಳಿಗೂ ಹೆಚ್ಚುಕಡಿಮೆ ಸಂಘಮಿತ್ರಾಳ ವಯಸ್ಸೇ. ಹಿಂದೆ ತುಂತುಣಿ ಹಿಡಿದು ನಿಂತಿದ್ದ ತೆಳ್ಳಗಿನ ಹುಡುಗಿ ಕ್ಯಾಮೆರಾ ಕಡೆ ಒಮ್ಮೆಯೂ ನೋಡುತ್ತಿರಲಿಲ್ಲ. ಅವಳ ಕಣ್ಣೆಲ್ಲ ಅಕ್ಕನ ಬೆನ್ನ ಮೇಲೆ.

ದುರಗವ್ವ ಅಳಲಿಲ್ಲ. ನೆಲದ ಮೇಲೆ ಕೂತವಳು ಮೊಣಕಾಲೂರಿ ಎದ್ದು ಟೀವಿಯ ಹತ್ತಿರಕ್ಕೆ ಹೋದಳು. ಸಾಲು ಮುಗಿಸಿ ಫಕೀರವ್ವ ಹಿಂದಕ್ಕೆ ತಿರುಗಿ, ಹುಬ್ಬು ಹಾರಿಸಿ ತಂಗಿಯನ್ನು ನೋಡಿದಳು. ಪರದೆಯ ಹುಡುಗಿಯೂ ಟೀವಿಯ ಮುಂದಿದ್ದ ದುರಗವ್ವನೂ ಒಟ್ಟಿಗೇ ಬಾಯಿ ಬಿಟ್ಟರು: "ಗೀಯ ಗೀಯ ಗಾಗೀಯ ಗೀ..."

ಎಷ್ಟೋ ವರ್ಷದಿಂದ ಹಾಡದ ಗಂಟಲು ಅರ್ಧಕ್ಕೇ ಒಡೆಯಿತು. ಆದರೂ ಅವಳು ನಿಲ್ಲಿಸಲಿಲ್ಲ.

ಇನ್ನೊಂದು ನುಡಿಯಾಗುವಷ್ಟರಲ್ಲಿ ಹಾಡು ಮೆಲ್ಲಗೆ ಕರಗಿ, ಕೆಳಗೆ ಬರಹ ಬಂತು: ಫಕೀರವ್ವ ಮತ್ತು ಸಂಗಡಿಗರು. ಮುಂದೆ ಬೇರೆ ಯಾರದೋ ಡೊಳ್ಳು ಶುರುವಾಯಿತು. ಮೊಬೈಲ್ ಕೈಯಲ್ಲೇ ಇದ್ದರೂ ಅದನ್ನು ಎತ್ತಿ ಹಿಡಿಯುವುದು ಸಂಘಮಿತ್ರಾಗೆ ಹೊಳೆದಿರಲಿಲ್ಲ.

"ಎಷ್ಟ ಸಣ್ಣಾಕಿ ಇದ್ದಳಲ್ಲ," ಎಂದಳು ದುರಗವ್ವ. "ನಾನು ಆಕೀನ್ನ ಎಂದೂ ಹಂಗ ನೋಡಿರಲಿಲ್ಲ. ನನಗ ಆಕಿ ಯಾವಾಗ್ಲೂ ದೊಡ್ಡಾಕಿ."

ಸಂಜೆ ಚಹಾ ಕುಡಿಯುವಾಗ ಸಂಘಮಿತ್ರಾ ಆ ಪದವನ್ನು ಪೂರ್ತಿ ಹೇಳು ಎಂದಳು. ದುರಗವ್ವ ಟೀವಿಯಲ್ಲಿ ಕೇಳಿದ ಎರಡು ಸಾಲನ್ನು ಗುನುಗಿ ನಿಲ್ಲಿಸಿದಳು.

"ಮುಂದ?"

"ಮುಂದಿಂದು ಅಕ್ಕಗ ಬರತಿತ್ತು. ನನಗ ಬರೀ ಗೀಯ ಗೀಯ ಅಷ್ಟ ಬರತೈತವಾ. ಆಕಿ ಇರಬೇಕಾದ್ರ ಪದಾ ಕಲಿಯೂದು ಯಾಕ ಬೇಕಾಗಿತ್ತು ನನಗ?"

ಅವತ್ತು ಅವಳು ಅತ್ತಳು. ಬೇಗಂ ತಡೆಯಲಿಲ್ಲ. ಅಳು ಇಳಿದ ಮೇಲೆ, "ತಾಳ ಹಿಡದಾಕಿ ಇದ್ದಳಲ್ಲ, ಆಕಿ ಎಲ್ಲಿ ಅದಾಳ?" ಎಂದು ಕೇಳಿದರು.

ಸಾವಂತ್ರವ್ವ ಬದುಕಿದ್ದಳು, ಕುಂದಗೋಳದಾಚೆಯ ಹಳ್ಳಿಯೊಂದರಲ್ಲಿ ಮಗಳ ಮನೆಯಲ್ಲಿ. ಮರುವಾರ ದುರಗವ್ವ ಮತ್ತು ಬೇಗಂ ಇಬ್ಬರೇ ಬಸ್ಸಿನಲ್ಲಿ ಹೋದರು. ಕಣ್ಣು ಮಂಜಾಗಿದ್ದ ಸಾವಂತ್ರವ್ವ ದುರಗವ್ವನ ಮುಖವನ್ನು ಕೈಯಿಂದ ಸವರಿ ಗುರುತು ಹಿಡಿದಳು. ಪದ ಕೇಳಿದರೆ ತಡವರಿಸಿದಳು; ತೊಡೆಯ ಮೇಲೆ ತಾಳ ಹಾಕುತ್ತ ಹಾಕುತ್ತ ಎಲ್ಲಿಂದಲೋ ಒಂದು ನುಡಿಯನ್ನು ಎಳೆದು ತಂದಳು. ಉಳಿದದ್ದು ಅವಳಿಗೂ ಹೋಗಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ದುರಗವ್ವ ಕಿಟಕಿಗೆ ಒರಗಿ ಆ ನುಡಿಯನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು. ಹೊರಗೆ ಹತ್ತಿಯ ಹೊಲಗಳು ಸರಿಯುತ್ತಿದ್ದವು. ನಡುವೆ ಒಂದು ಮಾತು ಮರೆತು ನಿಂತಾಗ, ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದ ಬೇಗಂ ಅದನ್ನು ಎತ್ತಿ ಕೊಟ್ಟರು.