ಲೀನಾ ಮಾವ್ಶಿ ಕಾರು ಬಿಟ್ಟ ಶುಕ್ರವಾರ

ಬಿಸಿಲಿನಲ್ಲಿ ನಿಂತ ಕಾರಿನ ಬಾಗಿಲು ತೆರೆದಾಗ ಮುಖಕ್ಕೆ ಹೊಡೆಯುವ ಕಾದ ರೆಕ್ಸಿನ್ನಿನ ವಾಸನೆ ಇವತ್ತಿಗೂ ನನ್ನನ್ನು ಮಸ್ಕತ್ತಿನ ಅಲ್ ಮಬೇಲಾದ ಎರಡು ಕೋಣೆಗಳ ಮನೆಗೆ ಒಯ್ಯುತ್ತದೆ. ಒಂದರಲ್ಲಿ ಪಪ್ಪ, ಮಮ್ಮಿ. ಇನ್ನೊಂದರಲ್ಲಿ ನಾನು ಮತ್ತು ಮಮ್ಮಿಯ ತಂಗಿ ಲೀನಾ ಮಾವ್ಶಿ. ಅವರು ಘಾಲಾದ ಕ್ಲಿನಿಕ್ಕೊಂದರಲ್ಲಿ ನರ್ಸ್. ನನಗೆ ಒಂಬತ್ತಾಗಿದ್ದ ಆ ವರ್ಷ ನಮ್ಮೂರ ಕಡೆಯ ಶಿರ್ವದಿಂದ ಬಂದ ಸಂಬಂಧಕ್ಕೆ ಮಮ್ಮಿ, ತಂಗಿಯನ್ನು ಸರಿಯಾಗಿ ಕೇಳದೆಯೇ, ಹೂಂ ಅಂದುಬಿಟ್ಟಿದ್ದಳು. ಮದುವೆಯಾದರೆ ಕೆಲಸ ಬಿಟ್ಟು ಊರಿಗೆ ಹೋಗಬೇಕು. ಮಾವ್ಶಿ ಬೇಡ ಎನ್ನಲಿಲ್ಲ, ಆಯಿತು ಎಂದೂ ಅನ್ನಲಿಲ್ಲ. ಆದರೆ ಕುಳಿತಲ್ಲಿ ಕೂರುತ್ತಿರಲಿಲ್ಲ. ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದರು.

ಅಷ್ಟರಲ್ಲಿ, ಐದು ಸಲ ಫೇಲಾದ ಮೇಲೆ, ಅವರಿಗೆ ಲೈಸೆನ್ಸ್ ಸಿಕ್ಕಿತು. ಅಷ್ಟು ವರ್ಷ ಒಮಾನಿನಲ್ಲಿದ್ದೂ ನಾವ್ಯಾರೂ ಮರುಭೂಮಿ ನೋಡಿರಲಿಲ್ಲ. "ನಾನೇ ಕಾರು ಬಿಡ್ತೇನೆ, ಹೋಗುವಾ" ಎಂದು ಹಟ ಹಿಡಿದರು. ವಾರದ ರಜೆಯಾದ ಒಂದು ಶುಕ್ರವಾರ ಇಗರ್ಜಿಯ ಪೂಜೆ ತಪ್ಪಿಸಿ, ಡಬ್ಬಿಯಲ್ಲಿ ಸನ್ನ, ಕೋಳಿ ಸುಕ್ಕ ತುಂಬಿಕೊಂಡು ಮರಳುಗಾಡಿನ ಅಂಚಿನ ಬಿದಿಯಾ ಕಡೆ ಹೊರಟೆವು. ಪಪ್ಪ ಪಕ್ಕದಲ್ಲಿ ಕುಳಿತು ಇಲ್ಲದ ಬ್ರೇಕು ತುಳಿಯುತ್ತ, "ನಿಧಾನ ಮಾರಾಯ್ತಿ" ಎನ್ನುತ್ತಲೇ ಇದ್ದರು. ಹಿಂದಿನ ಸೀಟಿನಿಂದ ಮಮ್ಮಿ ಮದುವೆಯ ಮಾತು ತೆಗೆದಾಗಲೆಲ್ಲ ಮಾವ್ಶಿಯ ಬೆರಳುಗಳು ಸ್ಟಿಯರಿಂಗಿನ ಮೇಲೆ ಬಡಿದುಕೊಳ್ಳುತ್ತಿದ್ದವು. ಮೂರು ಗಂಟೆಯ ಹಾದಿಯ ಕೊನೆಗೆ ಟಾರು ಮುಗಿದು ಮರಳು ಎದ್ದು ನಿಂತಿತು. ಹಳದಿಯೂ ಅಲ್ಲದ ಕೆಂಪೂ ಅಲ್ಲದ ದಿಬ್ಬಗಳು, ಅವುಗಳ ನೆತ್ತಿಯಲ್ಲಿ ಗಾಳಿಗೆ ಹೊಗೆಯಂತೆ ಏಳುವ ಹುಡಿ. "ಇಲ್ಲೇ ನಿಲ್ಸು" ಎಂದರು ಪಪ್ಪ. ಮಾವ್ಶಿ ನಿಲ್ಲಿಸಲಿಲ್ಲ. ಐವತ್ತು ಮಾರು ಹೋಗುವಷ್ಟರಲ್ಲಿ ಚಕ್ರಗಳು ಹೂತುಹೋದವು.

ಪಪ್ಪ ಕೈಯಿಂದ ಮರಳು ತೋಡುತ್ತಿದ್ದಾಗ ದಿಬ್ಬದ ಮರೆಯಿಂದ ಪಿಕಪ್ಪೊಂದು ಬಂತು. ಇಳಿದವಳು ಮುಖದ ಮೇಲೆ ಕಪ್ಪು ಮುಸುಕು ತೊಟ್ಟ ಮರಳುಗಾಡಿನ ಬದೂ ಬುಡಕಟ್ಟಿನ ಹೆಂಗಸು. ಮರಳಿನಲ್ಲಿ ಹಿಡಿತ ಸಿಗಲೆಂದು ನಮ್ಮ ಟಯರುಗಳ ಗಾಳಿ ಇಳಿಸಿದಳು, ಹಗ್ಗ ಕಟ್ಟಿದಳು. ಪಪ್ಪ ಚಾಲಕನ ಸೀಟಿಗೆ ಹತ್ತಲು ಹೋದರು. ಆಕೆ ಮಾವ್ಶಿಯ ಕೈಯಲ್ಲಿದ್ದ ಕೀಲಿಕೈ ನೋಡಿ, ಪಪ್ಪನಿಗೆ ಕೈ ಅಡ್ಡ ಹಿಡಿದು, ಮಾವ್ಶಿಯತ್ತ ಗದ್ದ ಎತ್ತಿ, ನಡೆ ಹೊರಡು ಎಂಬಂತೆ "ಯಲ್ಲಾ" ಎಂದಳು. ಮಾವ್ಶಿ ಹತ್ತಿದರು. ಎರಡನೆಯ ಎಳೆತಕ್ಕೆ ಕಾರು ಮೇಲೆ ಬಂತು. ಆಕೆ ಹಗ್ಗ ಸುತ್ತಿಕೊಂಡು, ನಾವು ಕೊಟ್ಟ ನೀರೂ ಕುಡಿಯದೆ ಹೊರಟುಹೋದಳು.

ಎಲ್ಲರೂ ಕುಳಿತರೂ ಮಾವ್ಶಿ ಹೊರಡಲಿಲ್ಲ. ಎದುರಿನ ಗಾಜನ್ನೇ ನೋಡುತ್ತ, "ಅಕ್ಕಾ, ಶಿರ್ವದವರಿಗೆ ಬೇಡ ಅಂತ ಹೇಳು" ಎಂದರು.

"ಮಾತು ಕೊಟ್ಟಾಗಿದೆ ಲೀನಾ. ಇನ್ನು ಅವ್ರ ಮುಖ ಹೇಗೆ ನೋಡುದು?"

"ಮಾತು ಕೊಟ್ಟದ್ದು ನೀನು. ನನ್ನತ್ರ ಕೇಳಿದ್ಯಾ?"

ದಿಬ್ಬ ಹತ್ತಲಿಲ್ಲ, ಡಬ್ಬಿ ತೆರೆಯಲಿಲ್ಲ. ಪೇಟೆಯಲ್ಲಿ ಟಯರಿಗೆ ಗಾಳಿ ತುಂಬಿಸಿಕೊಂಡು ನೇರ ಮನೆಗೆ ಮರಳಿದೆವು. ತಿಂಗಳೊಳಗೆ ಮಾವ್ಶಿ ದೂರದ ಸಲಾಲಾದ ಆಸ್ಪತ್ರೆಯಲ್ಲಿ ಕೆಲಸ ಹಿಡಿದು ಹೊರಟುಹೋದರು. ಮಮ್ಮಿ ಬಾಗಿಲವರೆಗೂ ಬರಲಿಲ್ಲ. ಆಮೇಲೆ ಶುಕ್ರವಾರ ಮಾವ್ಶಿ ಫೋನ್ ಮಾಡಿದರೆ ಮಮ್ಮಿ ಅದನ್ನು ನನಗೆ ಕೊಟ್ಟು ಅಡುಗೆಮನೆಗೆ ಹೋಗುತ್ತಿದ್ದಳು. ಮಾತು ಮುಗಿಸಿ ಒಳಗೆ ಬಂದರೆ, ತಲೆ ಎತ್ತದೆ, "ಸರಿಯಾಗಿ ಊಟ ಮಾಡ್ತಾಳಂತಾ?" ಎಂದು ಕೇಳುತ್ತಿದ್ದಳು.

ಮಬೇಲಾದ ಮನೆ ಬಿಟ್ಟು ಬಹಳ ಕಾಲವಾಯಿತು. ಹಾಗೆ ಕೇಳುವ ಮಮ್ಮಿಯೂ ಈಗಿಲ್ಲ. ಮಾವ್ಶಿ ಸಲಾಲಾದಿಂದ ಇಂದಿಗೂ ಫೋನ್ ಮಾಡುತ್ತಾರೆ. ಹೇಳುವುದೆಲ್ಲ ಮುಗಿದ ಮೇಲೂ ಇಬ್ಬರೂ ಇಡುವುದಿಲ್ಲ. ಸರಿಯಾಗಿ ಊಟ ಮಾಡ್ತೀರಾ ಎಂದು ನಾನು ಕೇಳಿದ ಮೇಲೇ ಮಾವ್ಶಿ ಫೋನ್ ಇಡುವುದು.