ಕೂತು ಚಹಾ ಮಾರುವ ವಿದ್ಯೆ

ಮೊದಲೇ ಹೇಳಿಬಿಡುತ್ತೇನೆ, ನೀವು ಇದನ್ನು ನಂಬುವುದಿಲ್ಲ. ನಂಬದಿದ್ದರೆ ನಷ್ಟ ನಿಮಗೇ. ಹದಿನಾರನೇ ವಯಸ್ಸಿಗೆ ನಾನು ಒಂದು ಚಹಾ ಕಂಪನಿಯ ಮಾರಾಟಗಾರರಿಗೆ ಗುರುವಾಗಿದ್ದೆ. ಮೀಸೆ ಇನ್ನೂ ದಾರಿಯಲ್ಲಿತ್ತು. ಕೆಲಸ ಕೇಳಲು ಹೋದ ದಿನ ವಯಸ್ಸು ಇಪ್ಪತ್ತೆಂದು ಹೇಳಿ, ದನಿಯನ್ನು ಹೊಟ್ಟೆಯ ತಳದಿಂದ ಎತ್ತಿ ಮಾತಾಡಿದ್ದೆ. ಆ ದನಿಗೆ ಬೀದಿಯಲ್ಲಿ ಹೋಗುತ್ತಿದ್ದ ಎಮ್ಮೆಯೊಂದು ನಿಂತು ಉತ್ತರ ಕೊಟ್ಟಿತು.

ನಾಗನೂರಿನ ನಮ್ಮ ಮನೆಯಲ್ಲಿ ನಾನು ಗೋಕಾಕಕ್ಕೆ ಹೋಗಿ ಇಂಗ್ಲಿಷ್ ಶಾಲೆ ಕಲಿಯುತ್ತಿದ್ದೇನೆ ಎಂದೇ ತಿಳಿದಿದ್ದರು. ಶಾಲೆಯ ಮುಂದಿನಿಂದ ದಿನಾ ಹಾದು ಹೋಗುತ್ತಿದ್ದುದಂತೂ ನಿಜ. ಕೆಲಸ ಇರುವವರೆಗೆ ನಾನು ಕಂಪನಿಯ ಕೋಟು ತೊಟ್ಟ ಮನುಷ್ಯ. ಅದು ಹೋಯಿತೋ, ಮತ್ತೆ ಶಾಲೆಯ ಅದೇ ಬೆಂಚು, ನನಗಿಂತ ಗೇಣು ಗಿಡ್ಡ ಹುಡುಗರ ನಡುವೆ. ಏನೇ ಆಗಲಿ, ಆ ಬೆಂಚಿಗೆ ಮಾತ್ರ ಮರಳಬಾರದು ಎಂದು ಹಟ ತೊಟ್ಟಿದ್ದೆ.

ನಾವು ಮೂವರಿದ್ದೆವು. ಹುಕ್ಕೇರಿಯ ಒಬ್ಬ ಪೈಲವಾನ, ಮೂಡಲಗಿಯ ಒಬ್ಬ ನಾಟಕದವ, ಮತ್ತು ನಾನು. ಪೈಲವಾನ ಬಾಗಿಲಲ್ಲಿ ನಿಂತರೆ ಮನೆಯೊಳಗೆ ಹೊತ್ತು ಮುಳುಗುತ್ತಿತ್ತು. ನಾಟಕದವನ ಕಂಪನಿ ಮುಳುಗಿ ವರ್ಷಗಳಾಗಿದ್ದರೂ ಅವನು ರಾಜನ ಪಾತ್ರದಿಂದ ಕೆಳಗಿಳಿದಿರಲಿಲ್ಲ. ಊಟದಲ್ಲಿ ಉಪ್ಪು ಕೇಳಿದರೂ ಪಕ್ಕದ ಓಣಿಯ ಸೈನ್ಯ ಎದ್ದು ನಿಲ್ಲಬೇಕು, ಹಾಗೆ ಕೇಳುತ್ತಿದ್ದ.

ನಮ್ಮನ್ನು ತಿದ್ದಲು ಬೆಳಗಾವಿಯಿಂದ ಸಾಹೇಬ ಬಂದ. ಬಿಳಿಯವನೇನಲ್ಲ, ನಮ್ಮವನೇ. ಟೊಪ್ಪಿಗೆ ಮಾತ್ರ ವಿಲಾಯಿತಿಯದು. ಗೋಕಾಕದ ಧರ್ಮಶಾಲೆಯ ಕಟ್ಟೆಯ ಮೇಲೆ ನಮ್ಮನ್ನು ಸಾಲಾಗಿ ನಿಲ್ಲಿಸಿ ಪಾಠ ಶುರು ಮಾಡಿದ.

“ಬಾಗಲದಾಗ ನಿಂದರಬೇಕು. ನಗಬೇಕು. ನಾ ಕಲಿಸಿದ ಭಾಷಣ ಹೇಳಬೇಕು. ಪೊಟ್ಟಣ ಅವರ ಕೈಯಾಗ ಇಟ್ಟು ರೊಕ್ಕ ತಗೋಬೇಕು. ಮುಂದಿನ ಮನಿ! ಒಳಗ ಹೋಗೂದಿಲ್ಲ, ಕುಂದ್ರೂದಿಲ್ಲ, ಗಿರಾಕಿ ಮನ್ಯಾಗ ಹನಿ ನೀರು ಸೈತ ಮುಟ್ಟೂದಿಲ್ಲ. ವ್ಯಾಳ್ಯಾ ಹಾಳು. ತಿಳೀತೇನು?”

“ನೀರಡಿಕಿ ಆದ್ರ ಏನ್ ಮಾಡೂದ್ರೀ?” ಪೈಲವಾನ ಕೇಳಿದ.

“ಊರಾಗ ಬಾಂವಿ ಅದಾವಲ್ಲೋ!”

ಮೊದಲ ಪರೀಕ್ಷೆ ಹುಕ್ಕೇರಿಯಲ್ಲಿ. ಸಾಹೇಬ ಹೇಳಿದಂತೆ ಪೈಲವಾನ ಒಂದು ಬಾಗಿಲಲ್ಲಿ ನಿಂತು ಬಾಯಿ ತುಂಬ ಹಲ್ಲು ತೋರಿಸಿ ನಕ್ಕ. ಒಳಗಿನ ಹೆಣ್ಣುಮಗಳು “ಯವ್ವಾ! ನಕ್ಕೊಂತ ಬಂದಾನವಾ!” ಎಂದು ಚೀರಿ ಅಗಳಿ ಹಾಕಿದಳು. ಆ ಸದ್ದಿಗೆ ಓಣಿಯ ಅಗಳಿಗಳೆಲ್ಲ ಒಂದರ ಹಿಂದೊಂದು ಬಿದ್ದವು. ಕೊನೆಯ ಮನೆಗೆ ಅಗಳಿಯೇ ಇರಲಿಲ್ಲ, ಅಲ್ಲಿ ನಾಯಿ ಇತ್ತು.

ಮೂಡಲಗಿಯಲ್ಲಿ ನಾಟಕದವ ಭಾಷಣ ಹೇಳಿದ. ಚಹಾದ ಗುಣಗಳನ್ನು ಯುದ್ಧಕ್ಕೆ ಹೊರಟ ರಾಜನಂತೆ ಸಾರಿದ. ಜನ ಸೇರಿದರು, ಕಣ್ಣೊರೆಸಿಕೊಂಡರು, ಇನ್ನೊಮ್ಮೆ ಹೇಳೆಂದರು. ಮೊರದಷ್ಟು ಅಗಲದ ಕೈಯ ಗೌಡನೊಬ್ಬ ಸೇರು ಜೋಳ ಕೊಟ್ಟು ಬೆನ್ನು ತಟ್ಟಿದ. ಚಹಾ ಮಾತ್ರ ಯಾರೂ ಕೊಳ್ಳಲಿಲ್ಲ.

ಅದೇ ಊರಿನಲ್ಲಿ ನನ್ನ ಸರದಿ. ನಾನಿನ್ನೂ ಬಾಯಿ ತೆರೆದಿರಲಿಲ್ಲ, ಒಬ್ಬ ಮುದುಕಿ ತಂಬಿಗೆಯಲ್ಲಿ ನೀರು, ಅಂಗೈ ಮೇಲೆ ಬೆಲ್ಲದ ತುಣುಕು ಹಿಡಿದು ಬಂದಳು. ನಮ್ಮ ಕಡೆ ಹೊಸ್ತಿಲಿಗೆ ಬಂದವನಿಗೆ ಮೊದಲು ಅದು, ಆಮೇಲೆ ಮಾತು. ಸಾಹೇಬ ಓಣಿಯ ತುದಿಯಲ್ಲಿ ನಿಂತು ನೋಡುತ್ತಿದ್ದ. “ಬ್ಯಾಡ್ರಿ ಆಯೀ” ಎಂದೆ.

ಮುದುಕಿ ನನ್ನನ್ನು ಕೋಟಿನ ಗುಂಡಿಯಿಂದ ಚಪ್ಪಲಿಯವರೆಗೆ ನೋಡಿದಳು. “ನಮ್ಮನಿ ನೀರು ಕುಡಿಯಾಕ ಒಲ್ಲದಾಂವನ ಸೊಪ್ಪು ನಾ ಯಾಕ ಕುದಿಸಿ ಕುಡೀಲೋ? ನಡಿ, ನಡಿ!”

ಅಂದು ಸಂಜೆ ಧರ್ಮಶಾಲೆಯಲ್ಲಿ ಸಾಹೇಬನ ಮುಖ ಹಾಲಿಲ್ಲದ ಚಹಾದಂತಾಗಿತ್ತು. “ಮಸಗುಪ್ಪಿ ಕಡೀದು. ಅಲ್ಲೂ ಮಾರಲಿಲ್ಲಂದ್ರ ಮೂರೂ ಮಂದಿ ಕೋಟ ಬಿಚ್ಚಿಟ್ಟು ಮನೀಗೆ ಹೋಗ್ರಿ. ನಿಮಗ ಕಲಿಸೂದಕ್ಕಿಂತ ಕೋಣಕ್ಕ ಕಲಿಸೂದು ಹಗರ.”

ಉಳಿದಿಬ್ಬರು ತಲೆ ತಗ್ಗಿಸಿದರು. ನನ್ನ ತಲೆ ಹುಟ್ಟಿನಿಂದಲೇ ತಗ್ಗುವಂಥದ್ದಲ್ಲ.

“ತಪ್ಪು ನಮ್ಮದಲ್ರಿ,” ಎಂದೆ. “ಪಾಠದ್ದು.”

“ಏನಂದಿ?”

“ನೀರು ಕುಡೀದಾಂವಗ ನಮ್ಮ ಮಂದಿ ಬೀಡಿಗೆ ಬೆಂಕಿ ಸೈತ ಕೊಡೂದಿಲ್ರಿ. ಒಳಗ ಹೋಗಬೇಕು. ಕುಂದ್ರಬೇಕು. ನೀರು ಕುಡೀಬೇಕು, ರೊಟ್ಟಿ ಕೊಟ್ರ ತಿನ್ನಬೇಕು. ಅವರಾಗೆ ಕೇಳೂತನಕ ಚಹಾದ ಸುದ್ದಿ ತೆಗೀಬಾರದು. ಮತ್ತ ಹೋಗೂದು ಸೋಮವಾರ.”

“ಸೋಮವಾರ ಯಾಕ?”

“ಸೋಮವಾರ ಎತ್ತು ಹೂಡೂದಿಲ್ಲಲ್ರಿ. ಎತ್ತು ಮನ್ಯಾಗಿದ್ರ ಗಂಡಸರೂ ಮನ್ಯಾಗ. ರೊಕ್ಕದ ಚೀಲ ಅವರ ಸೊಂಟದಾಗಿರ್ತೈತಿ. ನೀವು ನಮ್ಮನ್ನ ಬುಧವಾರ ಕಳಸ್ತೀರಿ, ಬೆಕ್ಕಿಗೆ ಭಾಷಣ ಮಾಡಿ ಬರ್ತೇವಿ.”

“ನನಗ ಕಲಸ್ತೀಯೇನಲೇ?”

“ಹೂಂನ್ರಿ. ಬ್ಯಾರೆ ಪಗಾರ ಏನ್ ಕೇಳಾಂಗಿಲ್ಲ.”

ನಾಟಕದವ ಜೀವನದಲ್ಲಿ ಮೊದಲ ಬಾರಿಗೆ ಪಿಸುಮಾತಿನಲ್ಲಿ “ಸತ್ತೆವು” ಎಂದ. ಸಾಹೇಬ ಟೊಪ್ಪಿಗೆಯನ್ನು ತೆಗೆದ, ಹಾಕಿದ, ಮತ್ತೆ ತೆಗೆದ. “ಆತು. ಸೋಮವಾರ ಮಸಗುಪ್ಪ್ಯಾಗ ನೀನ ಮಾಡಿ ತೋರಸು. ಮಾರಿದ್ರ ಮೂವರೂ ಉಳೀತೀರಿ, ಎಲ್ಲಾ ನಿನ್ನ ಪದ್ಧತಿ. ಇಲ್ಲಾಂದ್ರ ಕೋಟ ಕೆಳಗ.”

ಸೋಮವಾರದವರೆಗೆ ನನ್ನದೇ ತಾಲೀಮು. ಪೈಲವಾನನಿಗೆ ಬಾಯಿ ಮುಚ್ಚಿ ನಗುವುದನ್ನು ಕಲಿಸಿದೆ. ಅವನಿಗೆ ಅದು ಗದೆ ಎತ್ತುವುದಕ್ಕಿಂತ ಭಾರವಾಯಿತು, ಬೆವರಿದ. ನಾಟಕದವನಿಗೆ ಸುಮ್ಮನಿರುವುದನ್ನು ಕಲಿಸಿದೆ. ಅವನು ಸುಮ್ಮನಿರುವುದನ್ನೂ ಎಷ್ಟು ಜೋರಾಗಿ ಅಭಿನಯಿಸಿದನೆಂದರೆ ಧರ್ಮಶಾಲೆಯವರು ಬಂದು ಯಾರು ತೀರಿಕೊಂಡರೆಂದು ಕೇಳಿದರು. ಎತ್ತನ್ನು ಹೊಗಳಿ, ಕೂಸನ್ನು ಹೊಗಳಬೇಡಿ, ದೃಷ್ಟಿಯಾಯಿತೆಂದು ಬಡಿಸಿಕೊಳ್ಳುತ್ತೀರಿ ಎಂದು ಇಬ್ಬರಿಗೂ ಉರು ಹೊಡೆಸಿದೆ.

ಮಸಗುಪ್ಪಿಯಲ್ಲಿ ದೊಡ್ಡ ಮನೆಯನ್ನೇ ಆರಿಸಿಕೊಂಡೆ. ಪಡಸಾಲೆಯಲ್ಲಿ ಹಿರಿಯ ಯಜಮಾನನೊಬ್ಬ ಕೂತಿದ್ದ. ಕಂಬಳಿ ಹಾಸಿದರು, ಸಾಹೇಬನೂ ಸೇರಿ ನಾಲ್ವರೂ ಕೂತೆವು. ನೀರು ಬಂತು, ಬೆಲ್ಲ ಬಂತು. ನಾನು ಗಟಗಟ ಕುಡಿದು ಇನ್ನೊಂದು ತಂಬಿಗೆ ಕೇಳಿದೆ. ಸಾಹೇಬ ಔಷಧಿ ಕುಡಿದಂತೆ ಕುಡಿದ.

“ಯಾವೂರೋ ತಮ್ಮಾ?”

“ನಾಗನೂರ್ರಿ ಯಜ್ಜಾ.”

“ಯಾರ ಪೈಕಿ?”

ಕೂತು ಮಾರುವ ವಿದ್ಯೆಯಲ್ಲಿ ಈ ಪ್ರಶ್ನೆಗೆ ಸುಳ್ಳು ನಡೆಯುವುದಿಲ್ಲ. ನಮ್ಮ ಕಡೆಯ ಮುದುಕರು ಮಾತು ಮುಗಿಯುವುದರೊಳಗೆ ನಿಮ್ಮ ಸೋದರತ್ತೆಯ ಅಡುಗೆಮನೆಗೆ ಹೋಗಿ ಬಂದಿರುತ್ತಾರೆ. ಅಪ್ಪನ ಹೆಸರು ಹೇಳಿದೆ. ಯಜಮಾನನ ಮುಖ ಅರಳಿತು.

“ಹಂಗಾದ್ರ ನೀ ಬ್ಯಾರೇದಾಂವಲ್ಲ ಬಿಡು! ನಿಮ್ಮ ಆಯಿ ನಮ್ಮೂರ ಮಗಳು.” ಸೊಸೆಯನ್ನು ಕರೆದು ಕಿವಿಯಲ್ಲಿ ಏನೋ ಹೇಳಿದ. ಆಕೆ ನಗುತ್ತ ಹೊರಗೆ ಹೋದಳು. ನಾನು ಸಾಹೇಬನಿಗೆ ಕಣ್ಣು ಹೊಡೆದೆ. ನೋಡು, ಇನ್ನಷ್ಟು ಗಿರಾಕಿಗಳನ್ನು ಕರೆಸುತ್ತಿದ್ದಾನೆ!

ರೊಟ್ಟಿ ತಿಂದೆ. ಎತ್ತಿನ ಕೋಡು ಹೊಗಳಿದೆ. ಚಹಾದ ಸುದ್ದಿ ಎತ್ತಲಿಲ್ಲ. ಸಾಹೇಬ ಒಳಗೊಳಗೇ ಕುದಿಯುತ್ತಿದ್ದ, ಸ್ವಲ್ಪ ಹಾಲು ಬೆರೆಸಿದ್ದರೆ ಅವನನ್ನೇ ಬಸಿಯಬಹುದಿತ್ತು. ಕೊನೆಗೆ ಯಜಮಾನನೇ ಕೇಳಿದ, “ಚೀಲದಾಗ ಏನೈತೋ?”

ಆ ಮನೆಯ ಹಾಲು, ಆ ಮನೆಯ ಬೆಲ್ಲ, ನಮ್ಮ ಪುಡಿ. ನಾನೇ ಕುದಿಸಿ ಬಸಿಗೆ ಸುರಿದು ಕೊಟ್ಟೆ. ಯಜಮಾನ ಓಣಿಗೆಲ್ಲ ಕೇಳುವಂತೆ ಸುರ್ರೆಂದು ಹೀರಿದ.

“ಕಹಿ ಐತಿ.” ಮತ್ತೆ ಹೀರಿದ. “ಎದಿ ಬೆಚ್ಚಗಾತ ಖರೆ. ಇನ್ನೊಂದ್ ಬಸಿ ಹಾಕು. ಪೊಟ್ಟಣಕ್ಕ ಎಷ್ಟೋ?” ಕೈ ಸೊಂಟದ ಚೀಲಕ್ಕೆ ಹೋಯಿತು.

ಸಾಹೇಬ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟ. “ಗೆದ್ದೆಲ್ಲೋ ಮಗನ,” ಎಂದ.

ಅಷ್ಟರಲ್ಲಿ ಸೊಸೆ ಮರಳಿ ಬಂದಳು. ಅವಳ ಹಿಂದೆ ನಮ್ಮಪ್ಪ.

“ಬಾರಪಾ,” ಎಂದ ಯಜಮಾನ ಖುಷಿಯಿಂದ. “ಬಾಜೂ ಮನ್ಯಾಗ ಎತ್ತು ನೋಡಾಕ ಬಂದೀ ಅಂತ ಗೊತ್ತಿತ್ತು. ನಿನ್ನ ಮಗಾನೂ ಇಲ್ಲೇ ಅದಾನಂತ ಹೇಳಿ ಕಳಿಸಿದೆ.”

ಸೋಮವಾರ ಎತ್ತುಗಳು ಮನೆಯಲ್ಲಿರುತ್ತವೆ. ಎತ್ತು ಕೊಳ್ಳುವವರೂ ಅದೇ ಸೋಮವಾರ ನೋಡಲು ಬರುತ್ತಾರೆ. ಇಷ್ಟು ದೊಡ್ಡ ವಿದ್ಯೆಯಲ್ಲಿ ಈ ಒಂದು ಸಾಲು ನನಗೆ ಹೊಳೆದಿರಲಿಲ್ಲ.

ಅಪ್ಪ ನನ್ನನ್ನು ನೋಡಿದ, ಕೋಟನ್ನು ನೋಡಿದ. “ಇಂಗ್ಲಿಷ್ ಸಾಲಿ ಯಾವಾಗಿಂದ ಮಸಗುಪ್ಪ್ಯಾಗ ತುಂಬಾಕತ್ತೈತೋ?”

“ಅಪ್ಪಾ, ಮೊದ್ಲ ಕುಂದ್ರು. ನೀರು ಕುಡಿ.”

“ಏನ್ರೀ ಗೌಡ್ರ,” ಸಾಹೇಬ ಅಪ್ಪನ ಕಡೆ ತಿರುಗಿ ತಡವರಿಸಿದ, “ಇವನಿಗೆ ಇಪ್ಪತ್ತು ವರ್ಷ ಆಗೈತಿ ಅಂತ...”

“ಇಪ್ಪತ್ತು? ನಮ್ಮ ಮದಿವ್ಯಾಗೇ ಇನ್ನೂ ಇಪ್ಪತ್ತು ವರ್ಷ ಆಗಿಲ್ರೀ ಸಾಹೇಬ್ರ!”

ಪೈಲವಾನ ಎಲ್ಲ ತಾಲೀಮು ಮರೆತು ಪೂರಾ ಹಲ್ಲು ಬಿಟ್ಟ. ಸಾಹೇಬ ಅವನನ್ನೂ ನಾಟಕದವನನ್ನೂ ತೋರಿಸಿ, “ಈ ಇಬ್ಬರನ್ನ ನಾ ಇಟ್ಕೊಂತೇನಿ. ಕುಂತು ಮಾರೂದ ಖರೆ,” ಎಂದ. ನನ್ನ ಕಡೆ ನೋಡಲಿಲ್ಲ.

“ಕೋಟ ಬಿಚ್ಚು. ಏಳು,” ಎಂದ ಅಪ್ಪ.

ಎದ್ದೆ. ಆದರೆ ಯಜಮಾನನ ಎರಡನೇ ಬಸಿಯನ್ನು ಅಂಚಿನವರೆಗೆ ತುಂಬಿಸಿಯೇ ಎದ್ದೆ.